ಸಾಕ್ಷಿ ಹೇಳಿದ ಮೇಲೂ ಕೀಮೋ ಯಾಕೆ ಅಂತ ಕೇಳ್ತಾರೆ

ಓದುಗರ ಪತ್ರ, ಅಮ್ಮನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇದ್ದವು. ಹಾಗಾಗಿ ಬೇರೆಯವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಅತ್ತೆ-ಸೊಸೆ ಜಗಳ ಒಂದು ತಿಂಗಳು ತಡವಾದರೆ ಏನೂ ಆಗುವುದಿಲ್ಲ.

ಪ್ರಶ್ನೆ: ಅಮ್ಮನವರಿಗೆ ಯೇಸುವಿನ ಹೆಸರಿನಲ್ಲಿ ವಂದನೆಗಳು. ನನ್ನ ಮಗನಿಗೆ ಐದು ವರ್ಷ. ಮಳೆಗಾಲದಲ್ಲಿ ಜ್ವರ ಬಂದದ್ದು ಬಿಡಲೇ ಇಲ್ಲ. ಕಾಲು ನೋವು ಅಂತ ರಾತ್ರಿಯೆಲ್ಲ ಅಳುತ್ತಿದ್ದ, ಮೈಮೇಲೆ ನೀಲಿ ಕಲೆ ಬಂದವು. ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿ ಬೆಂಗಳೂರಿಗೆ ಕಳಿಸಿದರು. ಕಿದ್ವಾಯಿಯಲ್ಲಿ ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್. ಅಂದರು. ಮೊದಲ ತಿಂಗಳ ಕೀಮೋ ಮುಗಿದ ಮೇಲೆ ಮೂಳೆಮಜ್ಜೆ ಪರೀಕ್ಷೆ ಮಾಡಿ ‘ರೆಮಿಷನ್ ಬಂದಿದೆ’ ಅಂತ ಹೇಳಿದರು. ಆ ವಾರವೇ ನಮ್ಮ ಪ್ರಾರ್ಥನಾ ಕೂಟದವರು ನನ್ನನ್ನು ಮುಂದೆ ನಿಲ್ಲಿಸಿ, ದೇವರು ಮಗನನ್ನು ಗುಣಮಾಡಿದರು ಅಂತ ಸಾಕ್ಷಿ ಹೇಳಿಸಿದರು. ಈಗ ಮತ್ತೆ ಕೀಮೋಗೆ ಹೊರಟರೆ, ‘ದೇವರು ಗುಣಮಾಡಿದ ಮೇಲೂ ಮಗುವಿಗೆ ವಿಷ ಹಾಕಿಸ್ತೀರಾ? ಇದು ಅಪನಂಬಿಕೆ’ ಅಂತಾರೆ. ಅತ್ತೆಯೂ ಅವರ ಕಡೆ. ನಿಜ ಹೇಳಬೇಕೆಂದರೆ ನನಗೆ ಈಗ ಪ್ರಾರ್ಥನೆಯೇ ಬರುತ್ತಿಲ್ಲ. ಮೊಣಕಾಲೂರಿದರೆ ಸಿಟ್ಟು ಬರುತ್ತೆ. ನನ್ನ ನಂಬಿಕೆ ಕಡಿಮೆಯಾದದ್ದಕ್ಕೇ ಮಗು ಅನುಭವಿಸುತ್ತಿದೆಯಾ? — ಹೆಸರು ಬೇಡ, ಭದ್ರಾವತಿ

ಉತ್ತರ: ತಂಗಿ, ಮೊದಲು ರೈಲಿನ ಟಿಕೆಟ್ ಬುಕ್ ಮಾಡಿ. ಮುಂದಿನ ಕೀಮೋ ತಾರೀಕು ತಪ್ಪಿಸಬೇಡಿ. ಉಳಿದದ್ದನ್ನು ರೈಲಿನಲ್ಲಿ ಕೂತು ಓದಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲ್ವೆಯಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಆ ಫಾರ್ಮ್ ಬರೆಸಿಕೊಂಡಿದ್ದೀರಿ ತಾನೇ?

ರೆಮಿಷನ್ ಅಂದರೆ ಏನು ಅಂತ ನಿಮಗೆ ಯಾರೂ ಕೂರಿಸಿ ಹೇಳಿದ ಹಾಗಿಲ್ಲ. ನಿಮ್ಮ ಕಡೆ ಅಡಿಕೆ ತೋಟ ಜಾಸ್ತಿ, ಹಾಗಾಗಿ ತೋಟದ ಮಾತಿನಲ್ಲೇ ಹೇಳ್ತೀನಿ. ಕೊನ್ನಾರಿ ಕಿತ್ತವರಿಗೆ ಗೊತ್ತು. ಮೇಲಿನ ಹುಲ್ಲು ಪೂರಾ ಹೋಗಿ ನೆಲ ಚೊಕ್ಕಟವಾಗಿ ಕಾಣುತ್ತೆ. ಗಡ್ಡೆ ಮಾತ್ರ ಮಣ್ಣೊಳಗೇ ಇರುತ್ತೆ. ಒಂದು ಮಳೆ ಬಿದ್ದರೆ ಸಾಕು. ಈ ಕಾಯಿಲೆಯೂ ಹಾಗೇ. ಮೊದಲ ತಿಂಗಳ ಔಷಧಿಗೆ ಮೈಕ್ರೋಸ್ಕೋಪಿನಲ್ಲಿ ಕಾಣುವ ಕೆಟ್ಟ ಕಣಗಳು ಹೋಗ್ತವೆ. ಅದಕ್ಕೇ ರೆಮಿಷನ್ ಅನ್ನೋದು. ಕಾಣದವು ಮಜ್ಜೆಯಲ್ಲಿ, ಮಿದುಳು-ಬೆನ್ನುಹುರಿಯ ಸುತ್ತಲಿನ ನೀರಿನಲ್ಲಿ ಅಡಗಿ ಕೂತಿರ್ತವೆ. ಅದಕ್ಕೇ ಬೆನ್ನಿಗೆ ಸೂಜಿ, ಅದಕ್ಕೇ ಎರಡರಿಂದ ಮೂರು ವರ್ಷದ ಚಿಕಿತ್ಸೆ. ಕೊನೆಕೊನೆಗೆ ಬರೀ ಮಾತ್ರೆ, ಆಗಾಗ ಒಂದು ಇಂಜೆಕ್ಷನ್, ಅಷ್ಟೇ. ಮಗು ಸ್ಕೂಲಿಗೂ ಹೋಗಬಹುದು. ಆದರೆ ನಡುವೆ ಬಿಡುವ ಹಾಗಿಲ್ಲ. ನಮ್ಮ ದೇಶದಲ್ಲಿ ಉಳಿಯಬಹುದಾಗಿದ್ದ ಎಷ್ಟೋ ಮಕ್ಕಳು ಹೋಗುವುದಕ್ಕೆ ಅರ್ಧಕ್ಕೆ ನಿಲ್ಲಿಸುವುದೂ ಒಂದು ದೊಡ್ಡ ಕಾರಣ. ದುಡ್ಡಿಲ್ಲದೆ ನಿಲ್ಲಿಸುವವರು ಇದ್ದಾರೆ. ‘ಚೆನ್ನಾಗಿದ್ದಾನಲ್ಲ’ ಅಂತ ನಿಲ್ಲಿಸುವವರೂ ಇದ್ದಾರೆ.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ನರ್ಸ್ ಆಗಿದ್ದವಳು, ಅದರಲ್ಲಿ ಅರ್ಧ ಮಕ್ಕಳ ವಾರ್ಡಿನಲ್ಲಿ. ಮೊದಲ ತಿಂಗಳು ಮುಗಿದ ಮೇಲೆ ಕಾಣದೇ ಹೋಗಿ ಐದನೇ ತಿಂಗಳಿಗೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದವರನ್ನು ಕಂಡಿದ್ದೇನೆ. ಅವರಿಗೆ ಬೈಯಲು ಬಾಯಿ ಬರುತ್ತಿರಲಿಲ್ಲ. ಹಾಸಿಗೆಗೆ ಹೊಸ ಬೆಡ್‌ಶೀಟ್ ಹಾಸಿ ಕೊಡುತ್ತಿದ್ದೆ.

ಇನ್ನು ನಿಮ್ಮ ಕೂಟದವರ ಮಾತು. ಯೆಶಾಯನ ಪುಸ್ತಕದ 38ನೇ ಅಧ್ಯಾಯ ಅವರಿಗೇ ಓದಲು ಕೊಡಿ. ರಾಜ ಹಿಜ್ಕೀಯ ಸಾಯುವ ಸ್ಥಿತಿಯಲ್ಲಿದ್ದ. ಗೋಡೆಗೆ ಮುಖ ತಿರುಗಿಸಿ ಅತ್ತ. ದೇವರು ಹದಿನೈದು ವರ್ಷ ಆಯುಸ್ಸು ಕೊಡುತ್ತೇನೆ ಅಂದರು. ಮಾತು ಬಂದಾಯಿತು. ಇನ್ನೇನು ಬೇಕು? ಅದೇ ಅಧ್ಯಾಯದಲ್ಲಿ ಪ್ರವಾದಿ ಅಂಜೂರದ ಹಣ್ಣಿನ ಪಟ್ಟು ಮಾಡಿ ಹುಣ್ಣಿಗೆ ಕಟ್ಟಿ ಅಂತಾನೆ. ದೇವರ ಮಾತು ತಂದವನೇ ಔಷಧಿಯನ್ನೂ ಹೇಳಿದ. ಹಿಜ್ಕೀಯನಿಗೆ ಯಾರೂ ಅಪನಂಬಿಕೆಯವನು ಅನ್ನಲಿಲ್ಲ. ಪೌಲನ ಜೊತೆ ಊರೂರು ತಿರುಗಿದ ಲೂಕ ಯಾರು? ವೈದ್ಯ. ‘ಪ್ರಿಯ ವೈದ್ಯ’ ಅಂತಲೇ ಪೌಲ ಕೊಲೊಸ್ಸೆಯವರಿಗೆ ಬರೆದದ್ದು. ನಿಮ್ಮ ಮಗನ ಕೈಗೆ ಸೂಜಿ ಚುಚ್ಚುವ ಆ ಡಾಕ್ಟರಮ್ಮನಿಗಾಗಿಯೂ ಒಂದು ಪ್ರಾರ್ಥನೆ ಇರಲಿ. ಅವರೂ ಬೆಳಗ್ಗೆ ತಿಂಡಿ ತಿನ್ನದೇ ಬಂದಿರ್ತಾರೆ.

ನೀವು ಸಾಕ್ಷಿ ಹೇಳಿದ್ದು ತಪ್ಪೇನಲ್ಲ. ರೆಮಿಷನ್ ಬಂದದ್ದು ನಿಜ, ದೇವರಿಗೆ ವಂದನೆ ಹೇಳಿದ್ದೂ ಸರಿ. ಮುಂದಿನ ಸಲ ಮೈಕು ಕೈಗೆ ಕೊಟ್ಟರೆ, ‘ಒಂದು ಹಂತ ದಾಟಿದ್ದೇವೆ, ಇನ್ನೂ ಎರಡು ವರ್ಷ ಇದೆ, ಪ್ರಾರ್ಥನೆ ಬಿಡಬೇಡಿ’ ಅಂತ ಹೇಳಿ ಇಳಿದು ಬನ್ನಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ. ನಂಬಿಕೆ ಕಡಿಮೆಯಾಯಿತಾ ಅಂತ ಕೇಳಿದ್ದೀರಿ.

ಸುವಾರ್ತೆಗಳಲ್ಲಿ ಮಕ್ಕಳಿಗಾಗಿ ಯೇಸುವಿನ ಮುಂದೆ ಬಂದ ಅಪ್ಪ-ಅಮ್ಮಂದಿರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಿ. ನಾನು ಎಷ್ಟೋ ರಾತ್ರಿ ಹೀಗೆ ನಿಲ್ಲಿಸಿ ನೋಡಿದ್ದೇನೆ. ಮಾರ್ಕ 9ರಲ್ಲಿ ಒಬ್ಬ ಅಪ್ಪ. ಅವನ ಮಗ ಬೆಂಕಿಗೆ, ನೀರಿಗೆ ಬೀಳುವವನು. ಶಿಷ್ಯರ ಕೈಲಿ ಆಗಲಿಲ್ಲ. ಹುಡುಗ ಅಲ್ಲೇ ನರಳುತ್ತಿದ್ದರೂ ಶಾಸ್ತ್ರಿಗಳು ಶಿಷ್ಯರ ಜೊತೆ ವಾದಕ್ಕೆ ನಿಂತಿದ್ದರು. (ಇದನ್ನು ಓದುವಾಗೆಲ್ಲ ನನಗೆ ಕೆಲವು ಕೂಟಗಳ ನೆನಪಾಗುತ್ತೆ.) ಆ ಅಪ್ಪ ಯೇಸುವಿಗೆ ಹೇಳಿದ್ದೇನು? ‘ನಿನ್ನ ಕೈಲಾದರೆ’ ಏನಾದರೂ ಮಾಡು ಅಂತ. ಆಮೇಲೆ, ನಂಬ್ತೀನಿ, ನಂಬೋಕಾಗದ ನನಗೂ ಸಹಾಯ ಮಾಡು ಅಂತ ಕೂಗಿಕೊಂಡ. ಕಾನಾನಿನ ಆ ಹೆಂಗಸಂತೂ ಹಿಂದೆಯೇ ಕೂಗುತ್ತ ಬಂದಳು, ಕಳಿಸಿಬಿಡಿ ಅಂತ ಶಿಷ್ಯರಿಗೇ ರೇಜಿಗೆ ಬಂತು. ಕಪೆರ್ನೌಮಿನಿಂದ ಬಂದ ಅಧಿಕಾರಿಗೆ ಉಪದೇಶ ಕೇಳುವ ತಾಳ್ಮೆ ಇರಲಿಲ್ಲ. ಮಗು ಸಾಯುವ ಮುಂಚೆ ಬನ್ನಿ, ಅಷ್ಟೇ ಅವನ ಮಾತು. ಇನ್ನು ನಾಯಿನ್ ಊರಿನ ವಿಧವೆ. ಒಬ್ಬನೇ ಮಗನ ಹೆಣದ ಹಿಂದೆ ನಡೆಯುತ್ತಿದ್ದಳು. ಅವಳು ಕೇಳಲೇ ಇಲ್ಲ. ನಂಬುತ್ತೇನೆ ಅನ್ನಲಿಲ್ಲ, ಪ್ರಾರ್ಥನೆ ಮಾಡಲಿಲ್ಲ, ಯೇಸು ಯಾರು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಲೂಕ ಬರೆದಿರುವುದು ಒಂದೇ, ಅವಳನ್ನು ಕಂಡು ಆತ ಕನಿಕರಪಟ್ಟ.

ನಾಲ್ವರ ಮಕ್ಕಳೂ ಉಳಿದರು. ಇವರಲ್ಲಿ ಯಾರ ನಂಬಿಕೆಯನ್ನು ತಕ್ಕಡಿಯಲ್ಲಿಟ್ಟು ತೂಗಿದರು, ಹೇಳಿ? ಕಾನಾನಿನವಳ ನಂಬಿಕೆಯನ್ನು ಯೇಸು ಹೊಗಳಿದ್ದು ನಿಜ. ಆದರೆ ಅದು ಜಗ್ಗದೇ ವಾದ ಮಾಡಿದ ನಂಬಿಕೆ. ನಿಮ್ಮ ಸಿಟ್ಟಿಗೆ ಅದರಲ್ಲಿ ಜಾಗ ಇದೆ. ಇನ್ನು ಪಾಪ, ಶಾಪ ಅಂತ ಯಾರಾದರೂ ಶುರುಮಾಡಿದರೆ ಯೋಹಾನ 9 ತೆಗೆಯಿರಿ. ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪಕ್ಕೆ, ಇವನದೋ ಅಪ್ಪ-ಅಮ್ಮನದೋ ಅಂತ ಶಿಷ್ಯರು ಕೇಳಿದರು. ಇಬ್ಬರದ್ದೂ ಅಲ್ಲ ಅಂತ ಯೇಸುವೇ ಹೇಳಿಯಾಗಿದೆ. ವೈದ್ಯರೂ ಅದನ್ನೇ ಹೇಳ್ತಾರೆ. ಹೆಚ್ಚಿನ ಮಕ್ಕಳಿಗೆ ಈ ಕಾಯಿಲೆ ಯಾಕೆ ಬಂತು ಅಂತ ಕಾರಣವೇ ಸಿಗುವುದಿಲ್ಲ. ನೀವು ಬಸುರಿಯಲ್ಲಿ ತಿಂದದ್ದು, ದೃಷ್ಟಿ, ಯಾವುದೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಅತ್ತೆಗೆ ಇದನ್ನು ನೀವಲ್ಲ, ಡಾಕ್ಟರ ಬಾಯಲ್ಲಿ ಹೇಳಿಸಿ. ಒಂದು ಸಲ ಅವರನ್ನೂ ವಾರ್ಡಿಗೆ ಕರೆದುಕೊಂಡು ಹೋಗಿ.

ನನ್ನದೂ ಒಂದು ಹೇಳಬೇಕು. ಹೇಳದಿದ್ದರೆ ಸುಮ್ನೆ ಉಪದೇಶ ಆಗುತ್ತೆ. ನನ್ನ ದೊಡ್ಡ ಮಗನಿಗೂ ಇದೇ ಕಾಯಿಲೆ. 1986. ಅವನಿಗೆ ಆರು ವರ್ಷ. ಆಗಿನ ಔಷಧಿ ಬೇರೆ, ಆಗಿನ ಕಾಲ ಬೇರೆ, ಹಾಗಾಗಿ ಹೆದರಬೇಡಿ. ಈಗ ಒಳ್ಳೆಯ ಕಡೆ ಪೂರ್ತಿ ಚಿಕಿತ್ಸೆ ಮಾಡಿಸಿಕೊಂಡ ಮಕ್ಕಳಲ್ಲಿ ಉಳಿಯುವವರೇ ಜಾಸ್ತಿ. ನನ್ನವನು ಉಳಿಯಲಿಲ್ಲ. ನಾನೇ ನರ್ಸ್, ನನ್ನ ಕೈಯಲ್ಲೇ ಎಷ್ಟೋ ಮಕ್ಕಳು ಚೇತರಿಸಿಕೊಂಡು ಮನೆಗೆ ಹೋಗಿದ್ದರು.

ಊರಿಗೆ ಬಂದಿದ್ದ ಒಬ್ಬ ಪ್ರಸಂಗಿ ಮನೆಗೆ ಬಂದು, ಚಹಾ ಕುಡಿದು, ನಿಮ್ಮ ಮನೆತನದಲ್ಲಿ ಯಾವುದೋ ಶಾಪ ಇದೆ ಅಂದ. ನನ್ನ ಗಂಡ ರೈಲ್ವೆಯಲ್ಲಿದ್ದವರು, ಜಾಸ್ತಿ ಮಾತಿಲ್ಲ. ಎದ್ದು ಹೋಗಿ ಆತನ ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟರು.

ಒಂದು ರಾತ್ರಿ ಮಗನಿಗೆ ತುಂಬಾ ಜ್ವರ. ನಾನು ಮಂಚದ ಪಕ್ಕ ಮೊಣಕಾಲೂರಿ ಜೋರಾಗಿ ಪ್ರಾರ್ಥನೆ ಶುರುಮಾಡಿದೆ. ಅವನು ಕಣ್ಣು ಬಿಟ್ಟು, ‘ಅಮ್ಮ, ಮೆಲ್ಲಗೆ ಮಾಡು, ಪಕ್ಕದ ಪಾಪು ಏಳುತ್ತೆ’ ಅಂದ. ಬಾಯಿ ಕಟ್ಟಿಹೋಯಿತು. ಆಮೇಲೆ ಏನು ಮಾಡುವುದು? ಅಭ್ಯಾಸಬಲದಿಂದ ಕಣ್ಣು ಡ್ರಿಪ್ಪಿನ ಮೇಲೆ ಹೋಯಿತು. ವಾಚ್ ಹಿಡಿದು ಹನಿ ಎಣಿಸುವುದು ನಮ್ಮ ಕೆಲಸ ಅಲ್ವಾ. ನಿಮಿಷಕ್ಕೆ ಹದಿನೈದು ಹನಿ ಬೀಳುತ್ತಿತ್ತು. ಒಂದು ಹನಿಗೆ ಒಂದು ಸಲ ‘ಕರ್ತನೇ’ ಅಂದೆ. ಮುಂದಿನ ಮಾತು ಇರಲಿಲ್ಲ. ಗುಣಮಾಡು ಅಂತಲೂ ಇಲ್ಲ, ನಿನ್ನ ಚಿತ್ತ ಅಂತಲೂ ಇಲ್ಲ. ಬಾಟಲಿ ಮುಗಿಯುವವರೆಗೆ ಅಷ್ಟೇ ಹೇಳಿದೆ. ನಮಗೆ ಸರಿಯಾಗಿ ಪ್ರಾರ್ಥಿಸಲು ಬಾರದಿದ್ದಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಲ್ಲಿ ನಮಗಾಗಿ ಬೇಡುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಇದೆ. ನಾನು ಅದನ್ನು ಭಾನುವಾರ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಬಾಟಲಿಯ ಕೆಳಗೆ.

ಮಗನನ್ನು ಮಣ್ಣು ಮಾಡಿದ ಮೇಲೆ ಒಂದು ವರ್ಷ ನಾನು ಆರಾಧನೆಯಲ್ಲಿ ಕೊನೆಯ ಬೆಂಚಿನಲ್ಲಿ ಕೂತೆ, ಹಾಡಲಿಲ್ಲ. ಸಭಾಪಾಲಕರು ಒಂದು ದಿನ ಕೈಗೆ ಬೈಬಲ್ ಕೊಟ್ಟು, 88ನೇ ಕೀರ್ತನೆ ಓದಿ ಅಂದರು. ಓದಿದೆ. ಉಳಿದ ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟು ಅತ್ತರೂ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಇಂಥದ್ದನ್ನೂ ಯಾರೂ ಹರಿದು ಹಾಕದೆ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರಲ್ಲ ಅಂತ ನನಗೆ ಎಷ್ಟು ಸಮಾಧಾನ ಆಯಿತು! ನಿಮಗೆ ಸಿಟ್ಟು ಬಂದ ದಿನ ಅದನ್ನೇ ದೇವರ ಮುಂದೆ ಓದಿ. ಸಿಟ್ಟು ಯಾರ ಮೇಲೋ ಅವರ ಹತ್ತಿರವೇ ಹೇಳುವುದು ವಾಸಿ. ಮಗನನ್ನು ಯಾಕೆ ತೆಗೆದುಕೊಂಡರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಕರ್ತನ ಹತ್ತಿರ ಇದ್ದಾನೆ, ಅದು ಗೊತ್ತು. ಇವೆರಡನ್ನೂ ಒಂದೇ ಸೆರಗಿನಲ್ಲಿ ಗಂಟು ಹಾಕಿಕೊಂಡು ಇಷ್ಟು ದೂರ ನಡೆದಿದ್ದೇನೆ.

ಪ್ರಾರ್ಥನೆ ಬರೆದುಕೊಡಿ ಅಂತ ನೀವು ಕೇಳಿಲ್ಲ. ಆದರೂ ಕೊಡ್ತೀನಿ. ಚೀಟಿಯಲ್ಲಿ ಬರೆದು ಫೈಲಿನೊಳಗೆ ಇಟ್ಟುಕೊಳ್ಳಿ. ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತಾಗ ಓದಬಹುದು.

*ಯೇಸುವೇ, ಇವತ್ತು ಸೂಜಿ ಇದೆ. ನನ್ನ ಮಗನಿಗೆ ಹೆದರಿಕೆ. ನನಗೂ.*
*ರಕ್ತನಾಳ ಒಂದೇ ಸಲಕ್ಕೆ ಸಿಗಲಿ.*
*ರಕ್ತದ ಕೌಂಟ್ ಬೀಳದಿರಲಿ. ಬಿದ್ದರೆ ನನ್ನ ಧೈರ್ಯ ಅದರ ಜೊತೆ ಬೀಳದಿರಲಿ.*
*ಬಾಯಿಹುಣ್ಣು ಆರಿ, ಎರಡು ತುತ್ತು ಅನ್ನ ಇಳಿಯಲಿ.*
*ಇವನು ಉಳಿಯಬೇಕು, ನನಗೆ ಬೇಕು. ಇದನ್ನು ಮುಚ್ಚಿಟ್ಟು ಬೇರೆ ಏನೂ ಹೇಳಲಾರೆ.*
*ಆ ಆರನೇ ಬೆಡ್ಡಿನ ಮಗುವಿಗೂ ನಿನ್ನೆಯಿಂದ ಜ್ವರ. ಅದನ್ನೂ ನೋಡಿಕೋ.*
*ನಂಬಲು ಆಗುವಷ್ಟು ನಂಬಿದ್ದೇನೆ. ಉಳಿದದ್ದು ನಿನ್ನದು. ಆಮೆನ್.*

ಯಾಯೀರನ ಕಥೆಯ ಕೊನೆ ನೆನಪಿದೆಯಾ? ಹನ್ನೆರಡು ವರ್ಷದ ಮಗಳು ತೀರಿಹೋಗಿದ್ದಳು. ಮನೆ ತುಂಬ ಜನ, ಗೋಳು, ಗದ್ದಲ. ಯೇಸು ಮೊದಲು ಮಾಡಿದ್ದು ಎಲ್ಲರನ್ನೂ ಹೊರಗೆ ಕಳಿಸಿದ್ದು. ಅಪ್ಪ, ಅಮ್ಮ, ಮೂವರು ಶಿಷ್ಯರು, ಅಷ್ಟೇ ಜನ ಒಳಗೆ. ಮಗು ಎದ್ದ ಮೇಲೆ ಹೇಳಿದ್ದು, ಇವಳಿಗೆ ತಿನ್ನಲು ಏನಾದರೂ ಕೊಡಿ ಅಂತ. ಎರಡೂ ನಿಮಗೆ ಬೇಕಾದ ಮಾತೇ. ರಕ್ತದ ಬಿಳಿ ಕಣಗಳ ಕೌಂಟ್ ಕಡಿಮೆ ಇರುವಾಗ ಸೋಂಕು ಬೇಗ ತಗಲುತ್ತೆ, ಆಗ ಇಪ್ಪತ್ತು ಜನ ಬಂದು ಮಗುವಿನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಬೇಡ. ಅಂಗಳದಲ್ಲಿ ನಿಂತು ಮಾಡಲಿ, ದೇವರಿಗೆ ಕೇಳಿಸುತ್ತೆ. ಸಭಾಪಾಲಕರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕೆಂದರೆ ಸೋಪು ಹಾಕಿ ಕೈ ತೊಳೆದು, ಮಾಸ್ಕ್ ಹಾಕಿ, ಒಬ್ಬರೇ ಬರಲಿ. ಊಟ ಬಿಸಿ ಇರುವಾಗಲೇ ಕೊಡಿ. ನೀರು ಕಾಯಿಸಿ ಆರಿಸಿ ಕುಡಿಸಿ. ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ಮಧ್ಯರಾತ್ರಿ ಎದ್ದು ಅನ್ನ ಕೇಳ್ತಾನೆ, ಸಿಡುಕ್ತಾನೆ. ಅದು ಔಷಧಿಯ ಗುಣ, ಹುಡುಗನದ್ದಲ್ಲ. ಜ್ವರ 100.4 ಡಿಗ್ರಿ ದಾಟಿದರೆ ಪ್ಯಾರಾಸಿಟಮಾಲ್ ಹಾಕಿ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತೆ. ಅದರ ಕೌಂಟರಿನಲ್ಲಿ ವಿಚಾರಿಸದೇ ಒಡವೆ ಅಡ ಇಡಬೇಡಿ.

ಪ್ರಶ್ನೆ: ನಾವು ಕಥೋಲಿಕರು. ಮಗಳಿಗೆ ಒಂಬತ್ತು ವರ್ಷ, ಅವಳಿಗೂ ಕೀಮೋ ನಡೀತಿದೆ. ಸೆಪ್ಟೆಂಬರ್ ಹಬ್ಬಕ್ಕೆ ಅವಳನ್ನು ವೇಳಾಂಗಣ್ಣಿಗೆ ಕರೆದುಕೊಂಡು ಬರ್ತೀನಿ ಅಂತ ಹೆಂಡತಿ ಹರಕೆ ಹೊತ್ತಿದ್ದಾಳೆ. ಡಾಕ್ಟರು ಅಷ್ಟು ಜನರ ನಡುವೆ ಬೇಡವೇ ಬೇಡ ಅಂತಾರೆ. ಹರಕೆ ತಪ್ಪಿದರೆ ಕೇಡು ಅಂತ ನನ್ನ ತಾಯಿ. — ಒಬ್ಬ ತಂದೆ, ಕಾರ್ಕಳ

ಉತ್ತರ: ನಾನು ಪ್ರೊಟೆಸ್ಟೆಂಟ್, ಆದರೂ ಇದರಲ್ಲಿ ಬಾಯಿ ಹಾಕ್ತೀನಿ. ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಹೋಗಿ. ನೀವಾಗಿ ಹೊತ್ತ ಹರಕೆಯನ್ನು ತಕ್ಕ ಕಾರಣ ಇದ್ದರೆ ಬಿಡಿಸುವ ಅಧಿಕಾರವನ್ನು ಚರ್ಚಿನ ಕಾನೂನೇ ಅವರಿಗೆ ಕೊಟ್ಟಿದೆ. ಅದನ್ನು ನಿಮ್ಮ ತಾಯಿಯವರ ಮುಂದೆಯೇ ಹೇಳಿಸಿ. ಬೇಕಾದರೆ ಈ ವರ್ಷ ನೀವೊಬ್ಬರೇ ಹೋಗಿ ಮೇಣದಬತ್ತಿ ಹಚ್ಚಿ ಬನ್ನಿ, ಚಿಕಿತ್ಸೆ ಮುಗಿದ ಮೇಲೆ ಮಗಳು ತಾನೇ ನಡೆದು ಹೋಗಲಿ. ಹತ್ತಿರದಲ್ಲೇ ಅತ್ತೂರು ಚರ್ಚ್ ಇದೆ, ಜಾತ್ರೆ ಇಲ್ಲದ ವಾರದ ದಿನ, ಡಾಕ್ಟರು ಹೂಂ ಅಂದರೆ, ಹೋಗಿ ಕೂತು ಬನ್ನಿ. ತೀರ್ಥದ ಬಾಟಲಿ ತಂದರೆ ಮಗಳಿಗೆ ಕುಡಿಸಬೇಡಿ. ಮೇಜಿನ ಮೇಲೆ ಇಡಿ. ಮಾತೆ ಮರಿಯಮ್ಮನೂ ಮಗನ ನೋವನ್ನು ಹತ್ತಿರದಿಂದ ನಿಂತು ನೋಡಿದ ತಾಯಿ. ಸೋಂಕು ತಗಲದಿರಲಿ ಅಂತ ನಿಲ್ಲಿಸಿದ ಪ್ರಯಾಣಕ್ಕೆ ಅವರು ಕೇಡು ಕೊಡ್ತಾರೆಯೇ?

ಪ್ರಶ್ನೆ: ನಮ್ಮ ಸಭೆಯ ಒಂದು ಕುಟುಂಬದ ಮಗು ಆಸ್ಪತ್ರೆಯಲ್ಲಿದೆ. ನೋಡಲು ಹೋದರೆ ಏನು ಹೇಳಬೇಕು, ಯಾವ ವಚನ ಓದಬೇಕು? — ಭಾನುವಾರ ಶಾಲೆಯ ಟೀಚರ್, ಹುಬ್ಬಳ್ಳಿ

ಉತ್ತರ: ಯೋಬನ ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು.

‘ದೇವರು ತಾಳಲಾರದಷ್ಟು ಕೊಡಲ್ಲ’, ‘ನಮ್ಮ ಪಕ್ಕದ ಮನೆಯವರ ಮಗೂಗೂ ಇದೇ ಆಗಿತ್ತು’, ‘ಇನ್ನೊಂದು ಮಗು ಇದೆಯಲ್ಲ’, ಇವು ಮೂರನ್ನೂ ಆಸ್ಪತ್ರೆಯ ಗೇಟಿನಲ್ಲೇ ಬಿಟ್ಟು ಹೋಗಿ. ವಚನ ಅವರು ಕೇಳಿದರೆ ಓದಿ. ಕೇಳದಿದ್ದರೆ ಪ್ಲೇಟ್‌ಲೆಟ್ ಕೊಡುವವರ ಪಟ್ಟಿ ಮಾಡಿ. ಅದನ್ನು ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಆಗುವುದಿಲ್ಲ, ಹಾಗಾಗಿ ಮತ್ತೆ ಮತ್ತೆ ಜನ ಬೇಕಾಗ್ತಾರೆ. ನಿಮ್ಮ ಯುವಜನ ಸಂಘದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಆ ಮನೆಯ ಇನ್ನೊಂದು ಮಗುವನ್ನು ಸ್ಕೂಲಿಂದ ಕರೆದುಕೊಂಡು ಬನ್ನಿ, ಅದರ ಹೋಮ್‌ವರ್ಕ್ ನೋಡಿ. ಅದನ್ನು ಎಲ್ಲರೂ ಮರೆತಿರ್ತಾರೆ.

ನಮ್ಮ ಕಷ್ಟದ ದಿನಗಳಲ್ಲಿ ಸಭೆಯ ಒಬ್ಬ ಹೆಂಗಸು ಬುಧವಾರ ಬುಧವಾರ ಬರುತ್ತಿದ್ದರು. ಹಿಂದಿನ ಬಾಗಿಲಿಂದ ಬಂದು, ಬಕೆಟ್ಟಿನಲ್ಲಿದ್ದ ವಾಂತಿಯ ಬಟ್ಟೆ ಒಗೆದು, ಒಣಹಾಕಿ, ಹೋಗುತ್ತಿದ್ದರು. ಒಂದು ದಿನವೂ ಕೂತು ಪ್ರಾರ್ಥನೆ ಮಾಡಲಿಲ್ಲ. ನಾನು ಮಲಗಿದ್ದರೆ ಎಬ್ಬಿಸಲೂ ಇಲ್ಲ.

ಮತ್ತೆ, ಊಟ ಕಳಿಸಿದರೆ ಡಬ್ಬಿ ವಾಪಸ್ ಕೊಡಿ ಅಂತ ಕೇಳಬೇಡಿ. ಅದನ್ನು ತೊಳೆಯೋಕೂ ಅವರಿಗೆ ಪುರುಸೊತ್ತು ಇರುವುದಿಲ್ಲ.